ಯೋಗ ತರಗತಿಯ ಅದಬ್



ಯಾರ ಮನೆಗೆ ಹೋದರೂ ಮೊದಲು ಅಲ್ಲಿನ ಅದಬ್ ತಿಳಿದುಕೋ, ಆಮೇಲೆ ಕೂತುಕೋ ಎಂದು ನಮ್ಮ ದಾದಿ ಹೇಳುತ್ತಾರೆ. ಅದಬ್ ಎಂದರೆ ಎಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ತಿಳಿವಳಿಕೆ. ಕಳೆದ ಬೇಸಿಗೆ ರಜೆಯಲ್ಲಿ ನಾನು ಅಮ್ಮಿಯ ಜೊತೆ ನಮ್ಮ ಬಡಾವಣೆಯ ಯೋಗ ತರಗತಿಗೆ ಸೇರಿದೆ. ಹೊಲಿಗೆ ಮಷಿನ್ ಮುಂದೆ ಕೂತು ಕೂತು ಅಮ್ಮಿಗೆ ಸೊಂಟ ನೋವು. ಡಾಕ್ಟರೇ ಯೋಗ ಮಾಡಿ ನೋಡಿ ಎಂದಿದ್ದರು. ಅಬ್ಬು ಒಂದು ವಾರ ಯೋಚಿಸಿ ಒಪ್ಪಿದರು. ಅಲ್ಲಿ ಕಲಿತ ನಿಯಮಗಳನ್ನೂ, ಒಂದು ನಿಯಮವನ್ನು ಮುರಿದು ನಾನು ಪಟ್ಟ ಪಾಡನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮ ಊರಿನ ವಿದ್ಯೆ

ಮೈಸೂರಿನವರಾದ ನಮಗೆ ಯೋಗ ದೂರದ ವಿಷಯವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರ ‘ಯೋಗ ಮಕರಂದ’ ಪುಸ್ತಕ 1934ರಲ್ಲಿ ಬಂದದ್ದು ಕನ್ನಡದಲ್ಲೇ. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸ್ ಈ ವಿದ್ಯೆಯನ್ನು ಹೊರದೇಶಗಳಿಗೂ ಮುಟ್ಟಿಸಿದರು. ‘ಮೈಸೂರು ಶೈಲಿ’ ಎಂಬ ಹೆಸರೇ ಇದೆ: ಒಂದೇ ಕೋಣೆಯಲ್ಲಿ ಎಲ್ಲರೂ ಸೇರಿದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲಿ, ತಾವು ಕಲಿತಷ್ಟನ್ನೇ ಮಾಡುತ್ತಾರೆ. ಟೀಚರ್ ಒಬ್ಬೊಬ್ಬರ ಬಳಿ ಬಂದು ತಿದ್ದುತ್ತಾರೆ. ಇಂಥ ಕೋಣೆಯಲ್ಲಿ ಒಬ್ಬರ ಗದ್ದಲ ಎಲ್ಲರ ಉಸಿರನ್ನೂ ಕೆಡಿಸುತ್ತದೆ. ಕೆಳಗಿನ ಹೆಚ್ಚಿನ ನಿಯಮಗಳು ಹುಟ್ಟಿದ್ದು ಇದರಿಂದಲೇ.

ಹೋಗುವ ಮೊದಲು

1. ಹೊಟ್ಟೆ ಖಾಲಿ ಇರಲಿ. ಪೂರ್ತಿ ಊಟ ಮಾಡಿದ್ದರೆ ಮೂರು ನಾಲ್ಕು ಗಂಟೆ ಬಿಡಬೇಕು. ಬಿರಿಯಾನಿ ತಿಂದು ಬಂದು ಮುಂದಕ್ಕೆ ಬಗ್ಗಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ!

2. ಬಟ್ಟೆ ಸಡಿಲವಾಗಿರಲಿ, ಆದರೆ ಬಗ್ಗಿದಾಗ ಜಾರದಂತಿರಲಿ. ಸ್ಕಾರ್ಫ್ ಹಾಕುವ ಗೆಳತಿಯರು ಪಿನ್ ಬೇಕಿಲ್ಲದ, ತಲೆಗೆ ಸರಿಯಾಗಿ ಕೂರುವ ಹತ್ತಿಯ ಸ್ಕಾರ್ಫ್ ಆರಿಸಿಕೊಳ್ಳಿ. ಮಲಗಿ ಮಾಡುವ ಆಸನದಲ್ಲಿ ಪಿನ್ ಚುಚ್ಚುತ್ತದೆ, ಉದ್ದನೆಯ ದುಪಟ್ಟಾ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

3. ಅತ್ತರ್, ಬಾಡಿ ಸ್ಪ್ರೇ ಬೇಡ. ಎಲ್ಲರೂ ದೀರ್ಘವಾಗಿ ಉಸಿರೆಳೆಯುವ ಜಾಗದಲ್ಲಿ ನಮಗೆ ಸುವಾಸನೆ ಆದದ್ದು ಪಕ್ಕದವರಿಗೆ ಕೆಮ್ಮು ಆಗಬಹುದು.

ಒಳಗೆ ಹೋದ ಮೇಲೆ

4. ಹತ್ತು ನಿಮಿಷ ಮೊದಲೇ ಹೋಗಿ. ಚಪ್ಪಲಿ ಹೊರಗೆ ಬಿಟ್ಟು, ಮೊಬೈಲ್ ಆಫ್ ಮಾಡಿ. ತಡವಾದರೆ ಬಾಗಿಲಲ್ಲೇ ನಿಂತು, ಟೀಚರ್ ಸನ್ನೆ ಮಾಡಿದ ಮೇಲೆ ಹಿಂದಿನ ಸಾಲಿಗೆ ಹೋಗಿ.

5. ಬೇರೆಯವರ ಮ್ಯಾಟ್ ತುಳಿಯಬೇಡಿ. ಜಾನಮಾಜ್ ಮೇಲೆ ಕಾಲಿಡಬಾರದೆಂದು ಚಿಕ್ಕಂದಿನಿಂದ ಕಲಿತ ನಮಗೆ ಇದು ಕಷ್ಟವಲ್ಲ. ನಿಮ್ಮ ಮ್ಯಾಟನ್ನು ಬೆವರು ಒರೆಸಿಯೇ ಸುತ್ತಿಡಿ.

6. ಪಕ್ಕದವರನ್ನು ತಿದ್ದಬೇಡಿ. ಅದು ಟೀಚರ್ ಕೆಲಸ.

ನಾನು ಮುರಿದ ನಿಯಮ

ಎಲ್ಲಕ್ಕಿಂತ ದೊಡ್ಡ ನಿಯಮ ಏಳನೆಯದು: ನಿಮ್ಮ ದೇಹದ ವಿಷಯದಲ್ಲಿ ಟೀಚರ್‌ಗೆ ನಿಜ ಹೇಳಿ. ಹಳೆಯ ಪೆಟ್ಟು, ಆಸ್ತಮಾ, ಬಿ.ಪಿ., ಆಪರೇಷನ್, ಮುಟ್ಟು, ಯಾವುದನ್ನೂ ಮುಚ್ಚಿಡಬೇಡಿ. ಎಲ್ಲರೆದುರು ಹೇಳಲು ಸಂಕೋಚವಾದರೆ ತರಗತಿಗೆ ಮೊದಲು ಪಕ್ಕಕ್ಕೆ ಕರೆದು ಹೇಳಿ. ಮುಟ್ಟಿ ತಿದ್ದುವುದು ಇಷ್ಟವಿಲ್ಲದಿದ್ದರೆ ಅದನ್ನೂ ಹೇಳಬಹುದು. ಒಳ್ಳೆಯ ಟೀಚರ್ ಕೇಳಿಯೇ ಮುಟ್ಟುತ್ತಾರೆ.

ನಾನು ಹೇಳಲಿಲ್ಲ. ಹೋದ ವರ್ಷ ಸೈಕಲ್‌ನಿಂದ ಬಿದ್ದು ನನ್ನ ಬಲ ಮಂಡಿಗೆ ಪೆಟ್ಟಾಗಿತ್ತು. ಮೊದಲ ದಿನ ಮೇಡಂ ಕೇಳಿದಾಗ ‘ಏನೂ ಇಲ್ಲ’ ಎಂದೆ. ಮುಂದಿನ ಸಾಲಿನ ಹುಡುಗಿ ಸಲೀಸಾಗಿ ಪದ್ಮಾಸನ ಹಾಕಿದ್ದು ನೋಡಿ ನಾನೂ ಕಾಲನ್ನು ಕೈಯಿಂದ ಎಳೆದು ಹಾಕಿಕೊಂಡೆ. ಮಂಡಿಯೊಳಗೆ ಚುರಕ್ ಎಂದಿತು. ಆದರೂ ನಗುತ್ತಾ ಕೂತೆ. ಸಂಜೆಗೆ ಮಂಡಿ ಊದಿತು. ನನ್ನನ್ನು ನೋಡಿಕೊಳ್ಳಲು ಅಮ್ಮಿಯೂ ಎರಡು ವಾರ ತರಗತಿ ಬಿಟ್ಟರು. ‘ಇದೆಲ್ಲ ಬೇಡ ಅಂತ ಆವಾಗಲೇ ಅಂದುಕೊಂಡಿದ್ದೆ’ ಎಂದರು ಅಬ್ಬು. ನನ್ನ ಒಂದು ಸುಳ್ಳಿಗೆ ಅಮ್ಮಿಯ ಸೊಂಟ ದಂಡ ತೆತ್ತಿತು.

ತಿರುಗಿ ಹೋದಾಗ ಮೇಡಂ ಬೈಯಲಿಲ್ಲ. ‘ನೋಡಮ್ಮ, ಸೊಂಟದ ಕೀಲು ತಿರುಗದಿದ್ದರೆ ಆ ಭಾರವೆಲ್ಲ ಮಂಡಿ ಮೇಲೆ ಬೀಳುತ್ತೆ. ಮಂಡಿ ಬಾಗಿಲಿನ ಹಾಗೆ, ಮಡಚೋಕೆ ಇರೋದು, ತಿರುಚೋಕಲ್ಲ’ ಎಂದರು. ಸ್ನಾಯು ಎಳೆದಂತಾದರೆ ನಿಧಾನವಾಗಿ ಮುಂದುವರಿಯಬಹುದು, ಕೀಲಿನಲ್ಲಿ ಚುಚ್ಚಿದರೆ ಅಥವಾ ಜುಮ್ಮೆಂದರೆ ಕೂಡಲೇ ಬಿಡಬೇಕು ಎಂದು ತಿಳಿಸಿದರು. ಉಸಿರು ಏದುಸಿರಾದರೂ ಆಸನದಿಂದ ಹೊರಬರಬೇಕು. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ಇಟ್ಟಿಗೆ, ಬೆಲ್ಟ್, ಕಂಬಳಿ, ಕುರ್ಚಿ ಬಳಸುವುದು ಇದಕ್ಕೇ. ಆಸರೆ ತೆಗೆದುಕೊಳ್ಳುವುದು ಸೋಲಲ್ಲ. ಕಾಮರ್ಸ್ ಓದುವ ನಮಗೆ ಗೊತ್ತು, ಲೆಡ್ಜರ್‌ನಲ್ಲಿ ಒಂದು ಬದಿ ಬರೆಯದೆ ಬಿಟ್ಟ ಮೊತ್ತ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಸಿಕ್ಕಿಬೀಳುತ್ತದೆ.

ಪ್ರಾರ್ಥನೆ ಮತ್ತು ರೋಜಾ

ಕೆಲವು ಕಡೆ ತರಗತಿ ಶ್ಲೋಕದಿಂದ ಶುರುವಾಗುತ್ತದೆ. ನಾನೂ ಅಮ್ಮಿಯೂ ಸೇರುವಾಗಲೇ ಕೇಳಿದೆವು. ‘ಸುಮ್ಮನೆ ಕಣ್ಣು ಮುಚ್ಚಿ ಉಸಿರು ಗಮನಿಸಿ, ಸಾಕು’ ಎಂದರು ಮೇಡಂ. ಮೊದಲೇ ವಿನಯದಿಂದ ಕೇಳಿದರೆ ಇಬ್ಬರಿಗೂ ಮುಜುಗರವಿಲ್ಲ. ಇನ್ನೊಬ್ಬರು ಹೇಳುವಾಗ ಮೌನವಾಗಿರುವುದೂ ಅದಬ್. ಅಲ್‌ಬಿರೂನಿ ಹನ್ನೊಂದನೇ ಶತಮಾನದಲ್ಲೇ ಪತಂಜಲಿಯ ಯೋಗವನ್ನು ಅರಬ್ಬಿ ಭಾಷೆಗೆ ತಂದಿದ್ದರು ಎಂದು ಹೇಳಿದಾಗ ಅಬ್ಬು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ರಂಜಾನ್‌ನಲ್ಲಿ ರೋಜಾ ಇದ್ದರೆ ಟೀಚರ್‌ಗೆ ತಿಳಿಸಿ. ನೀರು ಕುಡಿಯದ ದಿನ ಬೆವರಿಳಿಸುವ ಆಸನಗಳು ಬೇಡ.

ಕೊನೆಗೆ ಶವಾಸನ

ಶವಾಸನದ ಮಧ್ಯೆ ಎದ್ದು ಹೋಗಬೇಡಿ. ಬೇಗ ಹೋಗಬೇಕಿದ್ದರೆ ಅದು ಶುರುವಾಗುವ ಮೊದಲೇ ಸದ್ದಿಲ್ಲದೆ ಹೊರಡಿ. ಮುಗಿದ ಮೇಲೆ ಥಟ್ಟನೆ ಏಳದೆ ಬಲಕ್ಕೆ ಹೊರಳಿ, ಕೈ ಊರಿ ಏಳಿ.

ನನಗೆ ಇನ್ನೂ ಪದ್ಮಾಸನ ಬರುವುದಿಲ್ಲ. ಕಂಬಳಿ ಮಡಚಿ ಅದರ ಮೇಲೆ ಸುಖಾಸನದಲ್ಲಿ ಕೂರುತ್ತೇನೆ. ಅಮ್ಮಿ ಈಗ ಒಂದು ಬ್ಲೌಸ್ ಮುಗಿಯುವವರೆಗೆ ಸೊಂಟ ಹಿಡಿದುಕೊಳ್ಳದೆ ಹೊಲಿಯುತ್ತಾರೆ. ಬೆಳಿಗ್ಗೆ ನಮ್ಮಿಬ್ಬರನ್ನೂ ಸ್ಕೂಟರಿನಲ್ಲಿ ಬಿಟ್ಟು ಬರುವುದು ಅಬ್ಬುವೇ. ನೀವೂ ಯೋಗ ತರಗತಿಗೆ ಸೇರುವುದಾದರೆ ಮೊದಲ ದಿನ ‘ಏನಾದರೂ ತೊಂದರೆ ಇದೆಯಾ?’ ಎಂದು ಟೀಚರ್ ಕೇಳುತ್ತಾರೆ. ದಯವಿಟ್ಟು ನಿಜ ಹೇಳಿ.