ಗರಿಕೆಯ ಬೊಕ್ಕಸ

ಗಣೇಶ ಚತುರ್ಥಿಯಂದು ಮುಂಬಯಿಯ ಪೇಟೆಯಲ್ಲಿ ನಾವು ಕಾಸು ಕೊಟ್ಟು ಕೊಳ್ಳುವ ಗರಿಕೆಯನ್ನು ತನ್ನ ಹೊಲದಲ್ಲಿ ಕಂಡರೆ ರೈತನು ಚಿಂತಾಕ್ರಾಂತನಾಗುತ್ತಾನೆ. ಜೋಳಕ್ಕೆ ಸಲ್ಲಬೇಕಾದ ನೀರು, ಸಾರಗಳನ್ನು ಅದು ಕುಡಿದುಬಿಡುತ್ತದೆ. ವಾರ್ಷಿಕ ಕಳೆಯನ್ನು ಕಿತ್ತರೆ ಆ ಗಿಡ ತೀರಿತು. ಗರಿಕೆ ಹಾಗಲ್ಲ, ಎಲೆಗಳು ಬಿಸಿಲಿನಲ್ಲಿ ಸಿದ್ಧಪಡಿಸಿದ ಆಹಾರವನ್ನು ಅದು ನೆಲದೊಳಗಣ ಕಾಂಡಗಳಲ್ಲಿ ಕೂಡಿಡುತ್ತದೆ. ಮೇಲಣ ಹುಲ್ಲನ್ನು ಕೊಯ್ದರೂ ಈ ಬೊಕ್ಕಸದ ಬಲದಿಂದ ಮತ್ತೆ ಚಿಗುರುತ್ತದೆ.

ಹಿಂದೆ ಬಿಜಾಪುರ, ಧಾರವಾಡಗಳ ಎರೆಭೂಮಿಯಲ್ಲಿ ದೊಡ್ಡ ನೇಗಿಲಿಗೆ ಹಲವು ಜೋಡಿ ಎತ್ತುಗಳನ್ನು ಹೂಡಿ ಆಳವಾಗಿ ಉತ್ತು, ಆ ಕಾಂಡಗಳನ್ನು ಬೇಸಗೆಯ ಬಿಸಿಲಿಗೆ ಒಣಗಿಸುತ್ತಿದ್ದರು. ಇಂದು ಮಣ್ಣು ಕೊಚ್ಚಿಹೋಗಬಾರದು, ತೇವ ಆರಬಾರದು ಎಂದು ಉಳುಮೆಯನ್ನು ಕಡಿಮೆ ಮಾಡುವ ಪದ್ಧತಿ ಬಂದಿದೆ. ಪದ್ಧತಿ ಒಳ್ಳೆಯದೇ, ಆದರೆ ಗರಿಕೆಗೆ ಅದು ಅಭಯದಾನ. ಒಮ್ಮೆ ಕುಂಟೆ ಹೊಡೆದು ಸುಮ್ಮನಾದರಂತೂ ಇನ್ನೂ ಕೇಡು: ತೇವ ಸಿಕ್ಕೊಡನೆ ಗೆಣ್ಣುಳ್ಳ ತುಂಡುಗಳು ಬೇರೆ ಬೇರೆ ಗಿಡಗಳಾಗಿ ಏಳುತ್ತವೆ.

ಹಾಗಾದರೆ ಉಪಾಯವೇನು? ಬೊಕ್ಕಸವನ್ನು ಬರಿದು ಮಾಡಬೇಕು. ಚಿಗುರಿದಂತೆಲ್ಲ, ಎಲೆ ಹರಡಿ ಹೊಸ ಆಹಾರ ಕೂಡಿಡುವ ಮುನ್ನವೇ, ಮರಳಿ ಮರಳಿ ಸವರಬೇಕು. ಗರಿಕೆ ನೆರಳನ್ನು ಸಹಿಸದು. ಆದುದರಿಂದ ಹುರುಳಿ, ಅಲಸಂದೆಗಳಂಥ ಹಬ್ಬುವ ಪೈರನ್ನು ದಟ್ಟವಾಗಿ ಬಿತ್ತಿದರೆ ಅದು ಸೊರಗುತ್ತದೆ. ಎಲೆಯಿಂದ ಬೇರಿಗಿಳಿದು ಕೊಲ್ಲುವ ಗ್ಲೈಫೋಸೇಟ್ ಎಂಬ ಔಷಧವು 1974ರಲ್ಲಿ ಮಾರುಕಟ್ಟೆಗೆ ಬಂದಿತು. ಗಿಡವು ಹಸಿರಾಗಿ ಬೆಳೆಯುತ್ತಿರುವಾಗಲೇ ಅದು ಫಲಕಾರಿ. ಬಾಡಿದ ಗಿಡಕ್ಕೆ ಸಿಂಪಡಿಸಿದರೆ ವ್ಯರ್ಥ. ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯವುಂಟೆಂದು, ಕೀಟನಿಯಂತ್ರಣ ವೃತ್ತಿಯವರ ಹೊರತು ಯಾರೂ ಅದನ್ನು ಬಳಸಬಾರದೆಂದು ಭಾರತ ಸರಕಾರವು 2022ರಲ್ಲಿ ಆಜ್ಞೆ ಹೊರಡಿಸಿತು.

ಬದುವಿನ ಮೇಲಣ ಗರಿಕೆಯನ್ನು ಮಾತ್ರ ಕೀಳಲಾಗದು. ಮಳೆಗೆ ಬದು ಒಡೆಯದಂತೆ ಮಣ್ಣನ್ನು ಹಿಡಿದಿಡುವುದು ಅದೇ! ಅಲ್ಲಿಂದ ಹೊಲದೊಳಕ್ಕೆ ಹರಿದು ಬರುವ ಕುಡಿಗಳನ್ನಷ್ಟೇ ವರ್ಷವರ್ಷವೂ ಕತ್ತರಿಸುತ್ತಿರಬೇಕು.