ಮೋಟಾರು ಕಾರಿನ ಇಂಧನ ರಿಲೇ ಮತ್ತು ಅದರ ತಂತಿಗಳ ಪರೀಕ್ಷೆ

ಗ್ರಾಮಾಂತರಗಳಲ್ಲಿ ಮೋಟಾರು ಕಾರು ಈಗ ಅಪರೂಪವಾದ ವಸ್ತುವಲ್ಲ. ಬೆಳಗಿನ ತಂಪಿನಲ್ಲಿ ಒಂದೇ ತಿರುವಿಗೆ ಹೊರಟ ಕಾರು, ಸಂತೆಯ ಬಯಲಿನಲ್ಲಿ ಎರಡು ಗಂಟೆ ಬಿಸಿಲಿಗೆ ನಿಂತ ಮೇಲೆ ಹೊರಡದೆ ಹೋಗುವುದುಂಟು. ಇಂಜನು ತಿರುಗುವುದು, ಹತ್ತಿಕೊಳ್ಳುವುದಿಲ್ಲ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ವೇಳೆಯಲ್ಲಿ ಹೀಗಾದರೆ ಒದಗುವ ಸಂಕಟವನ್ನು ಹೇಳಬೇಕಾದುದಿಲ್ಲ. ಸಂಜೆ ತಂಪಾದೊಡನೆ ಅದೇ ಕಾರು ಏನೂ ಆಗದಂತೆ ಹೊರಡುವುದು. ಅನೇಕರು ಪೆಟ್ರೋಲ್ ಪಂಪನ್ನೇ ಬದಲಾಯಿಸಿ ಸಾವಿರಾರು ರೂಪಾಯಿಗಳನ್ನು ವೃಥಾ ವ್ಯಯಮಾಡುವರು. ದೋಷವಾದರೋ ಅಂಗೈಯಲ್ಲಿ ಅಡಗುವ ರಿಲೇ ಎಂಬ ಸಣ್ಣ ಪೆಟ್ಟಿಗೆಯಲ್ಲಿರಬಹುದು.

ಹಿಂದಿನ ಕಾರುಗಳಲ್ಲಿ ಕಾರ್ಬುರೇಟರಿನ ಮೂಲಕ ಪೆಟ್ರೋಲು ಗಾಳಿಯೊಡನೆ ಬೆರೆಯುತ್ತಿದ್ದಿತು. ವಿದ್ಯುತ್ತಿನಿಂದ ನಿಯಂತ್ರಿತವಾಗಿ ಇಂಧನವನ್ನು ಚಿಮ್ಮಿಸುವ ಬಾಷ್ ಕಂಪನಿಯವರ ಪದ್ಧತಿಯು 1967ರಲ್ಲಿ ಫೋಕ್ಸ್‌ವಾಗನ್ ಕಾರುಗಳಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ 2000ನೆಯ ಇಸವಿಯ ಸುಮಾರಿನಿಂದ, ಹೊಗೆಯ ನಿಬಂಧನೆಗಳು ಬಿಗಿಯಾದ ಮೇಲೆ, ಇಂತಹ ಪದ್ಧತಿಯೇ ರೂಢಿಯಾಯಿತು.

ರಿಲೇ ಎಂಬುದು ಕೆರೆಯ ನೀರುಗಂಟಿಯಂತೆ. ಊರವರ ಒಂದು ಮಾತಿಗೆ ಆತನು ತೂಬನ್ನೆತ್ತಿ ಹೊಲಗಳಿಗೆಲ್ಲ ನೀರು ಬಿಡುವನಷ್ಟೆ. ಹಾಗೆಯೇ ಸುಮಾರು 0.15 ಆಂಪಿಯರಿನ ಅಲ್ಪ ಪ್ರವಾಹವು ರಿಲೇಯ ಸುರುಳಿಯಲ್ಲಿ ಹರಿದು ಅದನ್ನು ಅಯಸ್ಕಾಂತವನ್ನಾಗಿ ಮಾಡಿ, ಪಂಪಿಗೆ ಬೇಕಾದ ಹಲವು ಆಂಪಿಯರುಗಳ ದಾರಿಯನ್ನು ತೆರೆಯುವುದು. ಸಾಮಾನ್ಯ ರಿಲೇಯ ನಾಲ್ಕು ಕಾಲುಗಳಲ್ಲಿ 85 ಮತ್ತು 86 ಸುರುಳಿಯವು. 30 ಬ್ಯಾಟರಿಯಿಂದ ಬರುವುದು. 87 ಪಂಪಿಗೆ ಹೋಗುವುದು.

ಮೊದಲು ಕಿವಿಯಿಂದಲೇ ಪರೀಕ್ಷಿಸಬಹುದು. ಬೀಗದ ಕೈಯನ್ನು ತಿರುಗಿಸಿ ಇಂಜನನ್ನು ನಡೆಸದೆ ಇದ್ದರೆ, ಅನೇಕ ಕಾರುಗಳಲ್ಲಿ ಹಿಂದಿನ ಆಸನದ ಕೆಳಗೆ ಪಂಪು ಸುಮಾರು ಎರಡು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುವುದು. ಈ ಶಬ್ದವು ಬೆಳಿಗ್ಗೆ ಕೇಳಿಸಿ ಮಧ್ಯಾಹ್ನ ಕೇಳಿಸದಿದ್ದರೆ ರಿಲೇಯನ್ನು ಶಂಕಿಸತಕ್ಕದ್ದು. 1990ರ ದಶಕದ ಹೋಂಡಾ ಕಾರುಗಳ ಮುಖ್ಯ ರಿಲೇಯಲ್ಲಿ, ಕಾವಿನಿಂದ ಒಳಗಿನ ಬೆಸುಗೆಯು ಕೂದಲೆಳೆಯಷ್ಟು ಬಿರಿದು ಇದೇ ತೊಂದರೆಯನ್ನು ಕೊಡುವುದು ಮೆಕಾನಿಕ್ಕುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಎರಡು ರಿಲೇಗಳು ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಕಾಲುಗಳ ಕ್ರಮವು ಬೇರೆ.

ಸಾಮಾನ್ಯ ರಿಲೇಯನ್ನು ಹೊರತೆಗೆದು ಮೀಟರಿನಿಂದ 85, 86ರ ನಡುವೆ ಅಳೆದರೆ ಸಾಧಾರಣವಾಗಿ 50ರಿಂದ 120 ಓಮ್ ತೋರಬೇಕು. ಆ ಎರಡಕ್ಕೂ 12 ವೋಲ್ಟ್ ಕೊಟ್ಟಾಗ ಟಿಕ್ಕೆಂದು ಸದ್ದಾಗಿ 30, 87ರ ನಡುವಣ ತಡೆಯು ಶೂನ್ಯಕ್ಕೆ ಹತ್ತಿರ ಬರಬೇಕು. ಕೆಲವು ರಿಲೇಗಳಲ್ಲಿ ಡಯೋಡ್ ಇರುವುದರಿಂದ ಧನ ಋಣಗಳನ್ನು ಅದಲುಬದಲು ಮಾಡಕೂಡದು. ಟಿಕ್ಕೆಂದ ಮಾತ್ರಕ್ಕೆ ರಿಲೇ ಸರಿಯೆಂದು ನಂಬುವುದೂ ತಪ್ಪು. ಸ್ಪರ್ಶಬಿಂದುಗಳು ಸುಟ್ಟು ಕರಿಕಾಗಿರಬಹುದು.

ತಂತಿಗಳ ಪರೀಕ್ಷೆಯಲ್ಲಿಯೇ ಹೆಚ್ಚಿನವರು ಮೋಸಹೋಗುವರು. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರು ಸರಿಯೆಂದೇ ತೋರಿಸುವುದು. ಒಡೆದ ಕಾಲುವೆಯು ಒಂದು ಬಿಂದಿಗೆ ನೀರನ್ನು ಸಾಗಿಸೀತು, ಗದ್ದೆಗೆ ಸಾಲುವಷ್ಟನ್ನಲ್ಲ. ಆದಕಾರಣ ಪಂಪು ನಡೆಯುತ್ತಿರುವಾಗಲೇ ವೋಲ್ಟೇಜನ್ನು ಅಳೆಯಬೇಕು. ಬ್ಯಾಟರಿಯ ಧನಾಗ್ರಕ್ಕೂ ಪಂಪಿನ ಧನತಂತಿಗೂ ನಡುವೆ ಅರ್ಧ ವೋಲ್ಟಿಗಿಂತ ಬಹಳ ಹೆಚ್ಚು ಕಂಡುಬಂದರೆ ದಾರಿಯಲ್ಲೆಲ್ಲೋ ಕಿಲುಬು ಅಥವಾ ಹರಕು ಇರುವುದು. ಪಂಪಿನಿಂದ ಕಾರಿನ ಮೈಗೆ ಹೋಗುವ ಋಣತಂತಿಯನ್ನು ಮರೆಯಬಾರದು. ಕಣಜದ ಮಗ್ಗುಲಲ್ಲಿ ನಿಲ್ಲಿಸುವ ಕಾರುಗಳಲ್ಲಿ ಇಲಿಗಳು ತಂತಿಯನ್ನು ಕಡಿದಿರುವುದು ಸಾಮಾನ್ಯ. ತಂತಿಯ ಹೊದಿಕೆಗೆ ಗುಂಡುಸೂಜಿ ಚುಚ್ಚಿ ಪರೀಕ್ಷಿಸುವವರು, ಆ ರಂಧ್ರದಿಂದಲೇ ಮುಂದಿನ ಮಳೆಗಾಲದಲ್ಲಿ ಕಿಲುಬು ಹುಟ್ಟುವುದನ್ನು ನೆನೆಯರು. ಕಂಪ್ಯೂಟರಿನಿಂದ ಬರುವ ತಂತಿಗಳಿಗೆ ಬಲ್ಬಿನ ದೀಪವನ್ನು ಹಚ್ಚಿ ನೋಡಕೂಡದು. ಡಿಜಿಟಲ್ ಮೀಟರೇ ಯೋಗ್ಯವಾದುದು.

ದಾರಿಯ ಮಧ್ಯೆ ಕಾರು ನಿಂತಾಗ ಕೆಲವರು 30 ಮತ್ತು 87ಕ್ಕೆ ತುಂಡುತಂತಿ ಕಟ್ಟಿ ಮನೆ ಸೇರುವರು. ಅನಂತರ ಅದನ್ನು ಬಿಚ್ಚದೆ ಹಾಗೆಯೇ ಬಿಡುವರು. ಇದು ಪ್ರಾಣಾಪಾಯಕರ. ಇಂಜನು ನಿಂತೊಡನೆ ರಿಲೇ ಪಂಪನ್ನು ನಿಲ್ಲಿಸಬೇಕೆಂಬ ಏರ್ಪಾಡು ಅಪಘಾತದಲ್ಲಿ ಪೆಟ್ರೋಲು ಚೆಲ್ಲಿ ಉರಿ ಹತ್ತದಿರಲೆಂದೇ ಇರುವುದು. ತುಂಡುತಂತಿಯಿದ್ದರೆ ಮಗುಚಿದ ಕಾರಿನಲ್ಲಿಯೂ ಪಂಪು ಹರಿಸುತ್ತಲೇ ಇರುವುದು.

ಬಿರಿದ ಬೆಸುಗೆಯನ್ನು ನುರಿತವರು ಮತ್ತೆ ಕಾಯಿಸಿ ಕೂಡಿಸಬಲ್ಲರು; ಹೊಸ ರಿಲೇ ಕೊಂಡರೂ ಪಂಪಿನಷ್ಟು ಬೆಲೆಯಾಗದು. ಜೋಡಿಸುವ ಮುನ್ನ ಬ್ಯಾಟರಿಯ ಋಣತಂತಿಯನ್ನು ಕಳಚಿಡತಕ್ಕದ್ದು. ಹತ್ತಿರದಲ್ಲಿ ಬೀಡಿ ಸೇದಕೂಡದು. ಫ್ಯೂಸನ್ನು ಅದೇ ಪ್ರಮಾಣದ್ದನ್ನೇ ಹಾಕತಕ್ಕದ್ದು.