ಕಣವಿಜ್ಞಾನಿಗಳ ಅಂಗಳದಲ್ಲಿ ಹುಲ್ಲುಗಾವಲು

ಅಮೆರಿಕದ ಷಿಕಾಗೋ ನಗರದ ಪಶ್ಚಿಮಕ್ಕೆ ಬಟೇವಿಯಾ ಎಂಬ ಊರಿದೆ. ಅಲ್ಲಿನ ಫರ್ಮಿಲ್ಯಾಬ್ ಜಗತ್ತಿಗೆ ಗೊತ್ತಿರುವುದು ಕಣಭೌತಶಾಸ್ತ್ರದ ಪ್ರಯೋಗಾಲಯವಾಗಿ. ಶರತ್ಕಾಲ ಬಂತೆಂದರೆ ಅಲ್ಲಿನ ನೌಕರರು, ಸುತ್ತಲಿನ ಊರಿನವರು ಕೈಗವಸು ತೊಟ್ಟು, ಚೀಲ ಹಿಡಿದು ಆಳೆತ್ತರದ ಹುಲ್ಲಿಗೆ ಇಳಿಯುತ್ತಾರೆ. ಅವರು ಬರುವುದು ಬೀಜ ಆರಿಸಲು.

ಫರ್ಮಿಲ್ಯಾಬ್ ಇರುವ ಇಲಿನಾಯ್ ರಾಜ್ಯದಲ್ಲಿ ಹಿಂದೆ ಸುಮಾರು 2.2 ಕೋಟಿ ಎಕರೆ ಪ್ರೇರಿ, ಅಂದರೆ ಸಹಜ ಹುಲ್ಲುಗಾವಲು ಹಬ್ಬಿತ್ತು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಅದೇ ರಾಜ್ಯದಲ್ಲಿ ಉಕ್ಕಿನ ನೇಗಿಲು ತಯಾರಿಸಿದ. ಜಿಗುಟು ಮಣ್ಣು ಮೆತ್ತಿಕೊಳ್ಳದ ಆ ನೇಗಿಲಿನಿಂದ ಉಳುಮೆ ಸಲೀಸಾಯಿತು. ಹುಲ್ಲು ಹೋಗಿ ಮೆಕ್ಕೆಜೋಳ, ಸೋಯಾ ಬಂದವು. ಕೆಡದೆ ಉಳಿದ ಮೂಲ ಪ್ರೇರಿ ಈಗ ಹತ್ತು ಸಾವಿರದಲ್ಲಿ ಒಂದು ಪಾಲು. ಅದೂ ಹಳೆಯ ಸ್ಮಶಾನ, ರೈಲು ಹಳಿಯ ಅಂಚಿನಂಥ ನೇಗಿಲು ತಾಕದ ಜಾಗಗಳಲ್ಲಿ.

ಅಂಥ ತುಣುಕುಗಳನ್ನು ಹುಡುಕಿ ಅಧ್ಯಯನ ಮಾಡಿದವರು ಜೀವವಿಜ್ಞಾನದ ಪ್ರಾಧ್ಯಾಪಕ ರಾಬರ್ಟ್ ಬೆಟ್ಜ್. ಫರ್ಮಿಲ್ಯಾಬ್‌ನಲ್ಲಿ ಕಣಗಳನ್ನು ಓಡಿಸುವ ವೇಗವರ್ಧಕ ಯಂತ್ರದ ವರ್ತುಲದೊಳಗೆ ಖಾಲಿ ಬಿದ್ದ ನೆಲದಲ್ಲಿ ಪ್ರೇರಿ ಬೆಳೆಸೋಣ ಎಂದು ಅವರು ಪ್ರಯೋಗಾಲಯದ ನಿರ್ದೇಶಕ ರಾಬರ್ಟ್ ವಿಲ್ಸನ್ ಅವರನ್ನು ಕೇಳಿದರು. ದಶಕಗಳೇ ಹಿಡಿಯುವ ಕೆಲಸವೆಂದು ತಿಳಿದೂ ವಿಲ್ಸನ್ ಒಪ್ಪಿದರು. ಅಳಿದುಳಿದ ತುಣುಕುಗಳಿಂದ ಸ್ವಯಂಸೇವಕರು ಬೀಜ ಕೂಡಿಸಿ ತಂದರು. 1975ರಲ್ಲಿ ಸುಮಾರು 10 ಎಕರೆಯಲ್ಲಿ ಮೊದಲ ಬಿತ್ತನೆ ನಡೆಯಿತು.

ಎಲ್ಲ ಗಿಡಗಳನ್ನೂ ಒಟ್ಟಿಗೆ ಬಿತ್ತಿದರೆ ಕಳೆಯೇ ಗೆಲ್ಲುತ್ತದೆ. ಹಾಗಾಗಿ ಮೊದಲು ಬಿಗ್ ಬ್ಲೂಸ್ಟೆಮ್‌ನಂಥ ಗಟ್ಟಿ ಹುಲ್ಲುಗಳ ಸರದಿ. ಇದರ ತೆನೆ ಮೂರು ಕವಲೊಡೆದು ಟರ್ಕಿ ಕೋಳಿಯ ಪಾದದಂತೆ ಕಾಣುತ್ತದೆ. ತೆನೆಯ ಬುಡವನ್ನು ಬೆರಳಲ್ಲಿ ಹಿಡಿದು ಮೇಲಕ್ಕೆ ಸವರಿದರೆ ಬಲಿತ ಬೀಜ ಅಂಗೈಗೆ ಉದುರುತ್ತದೆ. ಉದುರದಿದ್ದರೆ ಇನ್ನೂ ಕಾಯಬೇಕು.

ಹುಲ್ಲು ದಟ್ಟವಾದ ಮೇಲೆ ಬೆಂಕಿಯ ಕೆಲಸ. ತರಬೇತಿ ಪಡೆದ ಸಿಬ್ಬಂದಿ ಗಾಳಿಯ ದಿಕ್ಕು ನೋಡಿ, ಅಂಚು ಕಾಯುತ್ತ ಬೆಂಕಿ ಹಾಕುತ್ತಾರೆ. ನುಸುಳಿಕೊಂಡ ಮರದ ಸಸಿಗಳು ಸುಟ್ಟುಹೋಗುತ್ತವೆ. ಆಳಕ್ಕೆ ಬೇರಿಳಿಸಿದ ಹುಲ್ಲು ಮಾತ್ರ ಕರಿ ನೆಲದಿಂದ ಮತ್ತೆ ಚಿಗುರುತ್ತದೆ. ಇಷ್ಟಾದ ಮೇಲಷ್ಟೇ ನಾಜೂಕು ಜಾತಿಯ ಗಿಡಗಳನ್ನು ಬಿತ್ತುತ್ತಾರೆ.

ಯಂತ್ರಗಳು ಬಿತ್ತನೆಗೂ ಕೊಯ್ಲಿಗೂ ನೆರವಾಗುತ್ತವೆ. ಆದರೆ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಎತ್ತರದಲ್ಲಿ ಬಲಿಯುವ ಕಾಡುಹೂಗಳ ಬೀಜವನ್ನು ಗುರುತಿಸಿ ಬಿಡಿಸಲು ಮನುಷ್ಯರ ಕಣ್ಣು, ಕೈಗಳೇ ಬೇಕು. ಆದ್ದರಿಂದಲೇ ಸ್ವಯಂಸೇವಕರಿಲ್ಲದೆ ಈ ಕೆಲಸ ಸಾಗದು.

ಆ ವರ್ತುಲದಲ್ಲಿದ್ದ ಟೆವಟ್ರಾನ್ ಎಂಬ ವೇಗವರ್ಧಕ ಯಂತ್ರ 2011ರಲ್ಲಿ ಕೆಲಸ ನಿಲ್ಲಿಸಿತು. ಹತ್ತು ಎಕರೆಯಿಂದ ಶುರುವಾದ ಪ್ರೇರಿ ಸುಮಾರು 1,000 ಎಕರೆಗೆ ಬೆಳೆದಿದೆ.